ಸಂಸತ್ತಿಗೆ ಹೋಗಲಾಗದೆ ಸಂವಿಧಾನದ ತಿದ್ದುಪಡಿಯನ್ನೇ ತಡೆದ ಗೃಹಿಣಿ

ಚುನಾವಣೆಯಲ್ಲಿ ಗೆದ್ದವರ ಕತೆ ಎಲ್ಲರಿಗೂ ಗೊತ್ತಿರುತ್ತದೆ. ಸೋತವರ ಹೆಸರು ಮಾತ್ರ ಫಲಿತಾಂಶದ ಮರುದಿನ ಪೇಪರಿನಲ್ಲಿ ಒಂದು ಸಾಲಾಗಿ ಬಂದು ಅಲ್ಲಿಗೇ ಮುಗಿಯುತ್ತದೆ. "ಠೇವಣಿ ಉಳಿಯಿತಾ, ಹೋಯಿತಾ" ಅಂತ ಒಂದು ಪ್ರಶ್ನೆ, ಆಮೇಲೆ ಅವರನ್ನು ಕೇಳುವವರಿಲ್ಲ. ಆದರೆ ಕೆಲವರಿಗೆ ಸೋಲಿನ ನಂತರವೇ ನಿಜವಾದ ರಾಜಕೀಯ ಶುರುವಾಗುತ್ತದೆ. ಈ ವಾರ ನಾವು ಅಂಥ ಒಬ್ಬ ಮಹಿಳೆಯ ಬಗ್ಗೆ ಬರೆಯುತ್ತಿದ್ದೇವೆ. ಅವರು ನಮ್ಮ ಊರಿನವರಲ್ಲ, ನಮ್ಮ ದೇಶದವರೂ ಅಲ್ಲ. ಅವರ ಅನೇಕ ಅಭಿಪ್ರಾಯಗಳನ್ನು ನಾವು ಒಪ್ಪುವುದಿಲ್ಲ. ಆದರೂ ಅವರ ಕತೆಯನ್ನು ನಮ್ಮ ಮನೆಗಳಲ್ಲಿ, ಮುಖ್ಯವಾಗಿ ನಮ್ಮ ಹೆಣ್ಣುಮಕ್ಕಳು ಓದಬೇಕು ಎಂದು ನಮಗೆ ಅನಿಸಿದೆ.

ಅಮೆರಿಕದ ಇಲಿನಾಯ್ ರಾಜ್ಯದ ಫಿಲ್ಲಿಸ್ ಶ್ಲಾಫ್ಲಿ ಸಂಸತ್ತಿಗೆ ಹೋಗಬೇಕು ಎಂದು ಸ್ಪರ್ಧಿಸಿದರು, ಗೆಲ್ಲಲಿಲ್ಲ. ಅವರ ಸ್ಪರ್ಧೆಗಳಲ್ಲಿ ಮುಖ್ಯವಾದವು ಎರಡು, ಒಂದು 1952ರದ್ದು, ಇನ್ನೊಂದು 1970ರದ್ದು. ಎರಡರಲ್ಲೂ ಸೋಲು. ನಡುವೆ 1967ರಲ್ಲಿ ಅವರದೇ ಪಕ್ಷದ ಮಹಿಳಾ ಸಂಘಟನೆಯ ರಾಷ್ಟ್ರೀಯ ಅಧ್ಯಕ್ಷ ಸ್ಥಾನಕ್ಕೆ ನಿಂತು ಅಲ್ಲಿಯೂ ಸೋತರು. ಆದರೆ 1972ರಿಂದ 1982ರವರೆಗಿನ ಹತ್ತು ವರ್ಷಗಳಲ್ಲಿ, ಕೈಯಲ್ಲಿ ಯಾವ ಅಧಿಕಾರವೂ ಇಲ್ಲದೆ, ಸಂಸತ್ತಿನ ಎರಡೂ ಸದನಗಳು ಭಾರೀ ಬಹುಮತದಿಂದ ಒಪ್ಪಿದ್ದ ಒಂದು ಸಂವಿಧಾನ ತಿದ್ದುಪಡಿ ಜಾರಿಯಾಗದಂತೆ ಮಾಡಿದ ಹೋರಾಟಕ್ಕೆ ಅವರೇ ನಾಯಕಿಯಾದರು.

ಇದು ಹೇಗೆ ಸಾಧ್ಯವಾಯಿತು?

ರಾತ್ರಿ ಕಾರ್ಖಾನೆ, ಹಗಲು ಕಾಲೇಜು

ಫಿಲ್ಲಿಸ್ ಹುಟ್ಟಿದ್ದು 1924ರ ಆಗಸ್ಟ್ 15ರಂದು, ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ನಗರದಲ್ಲಿ. ಕ್ಯಾಥೊಲಿಕ್ ಕುಟುಂಬ. 1930ರ ದಶಕದ ಆರ್ಥಿಕ ಕುಸಿತದಲ್ಲಿ ತಂದೆಯ ಕೆಲಸ ಹೋಯಿತು, ಬಹುಕಾಲ ಇನ್ನೊಂದು ಕೆಲಸ ಸಿಗಲಿಲ್ಲ. ಆಗ ಮನೆ ನಡೆಸಿದ್ದು ತಾಯಿ. ಅವರು ಶಿಕ್ಷಕಿಯಾಗಿ, ಗ್ರಂಥಪಾಲಕಿಯಾಗಿ ದುಡಿದು ಮಕ್ಕಳನ್ನು ಓದಿಸಿದರು. ಗಲ್ಫಿನಲ್ಲಿ ಕೆಲಸ ಹೋಗಿ ಯಜಮಾನರು ಊರಿಗೆ ಮರಳಿದಾಗ ಬೀಡಿ ಕಟ್ಟಿ, ಟೈಲರಿಂಗ್ ಮಾಡಿ ಮನೆ ಹಿಡಿದ ಉಮ್ಮಂದಿರನ್ನು ಕಂಡ ನಮಗೆ ಈ ಚಿತ್ರ ಹೊಸದಲ್ಲ.

ಮಗಳೂ ಅದೇ ದಾರಿ ಹಿಡಿದರು. ಎರಡನೇ ಮಹಾಯುದ್ಧದ ಕಾಲ. ನಗರದ ಮದ್ದುಗುಂಡು ಕಾರ್ಖಾನೆಯಲ್ಲಿ ತಯಾರಾದ ಗುಂಡುಗಳನ್ನು ಹಾರಿಸಿ ಪರೀಕ್ಷಿಸುವುದು ಅವರ ರಾತ್ರಿ ಪಾಳಿಯ ಕೆಲಸ. ಬೆಳಿಗ್ಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ತರಗತಿ. ಹೀಗೆ ದುಡಿದೇ 1944ರಲ್ಲಿ ಪದವಿ ಪಡೆದರು. ಮರುವರ್ಷ ಹಾರ್ವರ್ಡಿಗೆ ಸೇರಿದ ರ್‍ಯಾಡ್‌ಕ್ಲಿಫ್ ಕಾಲೇಜಿನಿಂದ ಸ್ನಾತಕೋತ್ತರ ಪದವಿ. 1946ರಲ್ಲಿ ಸೇಂಟ್ ಲೂಯಿಸ್‌ನ ಒಬ್ಬ ರಿಪಬ್ಲಿಕನ್ ಅಭ್ಯರ್ಥಿಯ ಪ್ರಚಾರದ ಹೊಣೆ ಹೊತ್ತರು. ಆ ಅಭ್ಯರ್ಥಿ ಗೆದ್ದರು. ಆಗ ಫಿಲ್ಲಿಸ್‌ಗೆ 22 ವರ್ಷ. 1949ರಲ್ಲಿ ವಕೀಲ ಫ್ರೆಡ್ ಶ್ಲಾಫ್ಲಿ ಅವರೊಂದಿಗೆ ಮದುವೆಯಾಗಿ, ಮಿಸಿಸಿಪ್ಪಿ ನದಿಯ ಆಚೆ ದಡದ ಆಲ್ಟನ್ ಎಂಬ ಊರಿಗೆ ಬಂದರು. ಮುಂದೆ ಆರು ಮಕ್ಕಳಾದರು.

1952: ಯಾರಿಗೂ ಬೇಡದ ಕ್ಷೇತ್ರ

1952ರಲ್ಲಿ ಆಲ್ಟನ್ ಇದ್ದ 24ನೇ ಸಂಸತ್ ಕ್ಷೇತ್ರಕ್ಕೆ ರಿಪಬ್ಲಿಕನ್ ಪಕ್ಷಕ್ಕೆ ಅಭ್ಯರ್ಥಿ ಬೇಕಿತ್ತು. ಅದು ಕಾರ್ಖಾನೆ ಕಾರ್ಮಿಕರು ಹೆಚ್ಚಿದ್ದ, ಡೆಮಾಕ್ರಟಿಕ್ ಪಕ್ಷದ ಭದ್ರಕೋಟೆ. ಅಲ್ಲಿನ ಸಂಸದ ಮೆಲ್ವಿನ್ ಪ್ರೈಸ್ 1945ರಿಂದಲೂ ಕೂತಿದ್ದವರು. ಪಕ್ಷದ ಮುಖಂಡರು ಮೊದಲು ಕೇಳಲು ಬಂದದ್ದು ಗಂಡ ಫ್ರೆಡ್ ಅವರನ್ನು. ಅವರು ಒಲ್ಲೆ ಎಂದ ಮೇಲೆ ಹೆಂಡತಿಯ ಹೆಸರು ಬಂತು.

ಇದನ್ನು ಓದುವಾಗ ನಮ್ಮಲ್ಲಿ ಹಲವರಿಗೆ ನಗು ಬಂದೀತು. ಗೆಲ್ಲುವ ಕ್ಷೇತ್ರವಾದರೆ ಟಿಕೆಟಿಗೆ ಹತ್ತು ಗಂಡಸರ ಕ್ಯೂ. ಸೋಲುವುದು ಖಾತ್ರಿ ಇರುವಲ್ಲಿ "ಈ ಸಲ ಮಹಿಳೆಗೆ ಅವಕಾಶ ಕೊಡೋಣ" ಎನ್ನುವ ಉದಾರತೆ. ಅಲ್ಪಸಂಖ್ಯಾತರ ಅಭ್ಯರ್ಥಿಗಳಿಗೂ ಈ ಉದಾರತೆಯ ಅನುಭವ ಇದೆ. ಅಮೆರಿಕದಲ್ಲೂ ಬೇರೇನೂ ನಡೆಯುತ್ತಿರಲಿಲ್ಲ.

ಒಂದು ವ್ಯತ್ಯಾಸವಿತ್ತು. ಅಲ್ಲಿ ಟಿಕೆಟ್ ಹೈಕಮಾಂಡಿನಿಂದ ಬರುವುದಿಲ್ಲ. ಪಕ್ಷದ ಬೆಂಬಲಿಗರೇ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಿ ಅಭ್ಯರ್ಥಿಯನ್ನು ಆರಿಸುತ್ತಾರೆ. ಫಿಲ್ಲಿಸ್ ಆ ಸುತ್ತನ್ನು ಗೆದ್ದರು. ಮರುದಿನ ಪತ್ರಿಕೆಯವರು ಬಂದು ತೆಗೆದ ಫೋಟೊ ಯಾವುದು ಗೊತ್ತೇ? ಒಲೆಯ ಮುಂದೆ ನಿಂತು ಗಂಡನಿಗೆ ತಿಂಡಿ ಮಾಡುತ್ತಿರುವುದು. ಹಾರ್ವರ್ಡಿನ ಪದವೀಧರೆ, ಪ್ರಚಾರ ನಡೆಸಿ ಗೆಲ್ಲಿಸಿದ ಅನುಭವಿ, ಆದರೆ ಓದುಗರಿಗೆ ಕಂಡದ್ದು ಅಡುಗೆಮನೆ. ಈ ಚಿತ್ರದ ಬೆಲೆ ಎಷ್ಟು ಎಂಬುದು ಇಪ್ಪತ್ತು ವರ್ಷಗಳ ನಂತರ ಅವರ ಹೋರಾಟದಲ್ಲಿ ಗೊತ್ತಾಯಿತು.

ಪ್ರಚಾರದಲ್ಲಿ ಅವರು ಮಾತಾಡಿದ್ದು ಅಡುಗೆಮನೆಯ ವಿಷಯವನ್ನಲ್ಲ. ಕೊರಿಯಾ ಯುದ್ಧ, ಕಮ್ಯುನಿಸಂ, ಅಧ್ಯಕ್ಷ ಟ್ರೂಮನ್ ಸರಕಾರದ ಭ್ರಷ್ಟಾಚಾರ, ತೆರಿಗೆ. ಆ ವರ್ಷ ಇಡೀ ದೇಶದಲ್ಲಿ ರಿಪಬ್ಲಿಕನ್ ಗಾಳಿ. ಐಸೆನ್‌ಹೋವರ್ ಭರ್ಜರಿಯಾಗಿ ಅಧ್ಯಕ್ಷರಾದರು, ಸಂಸತ್ತಿನ ಕೆಳಮನೆಯೂ ಆ ಪಕ್ಷಕ್ಕೆ ಬಂತು. ಆದರೂ 24ನೇ ಕ್ಷೇತ್ರದಲ್ಲಿ ಫಿಲ್ಲಿಸ್‌ಗೆ ಸಿಕ್ಕಿದ್ದು ಹತ್ತಿರ ಹತ್ತಿರ ಶೇ. 35 ಮತ. ಅವರನ್ನು ಸೋಲಿಸಿದ ಮೆಲ್ವಿನ್ ಪ್ರೈಸ್ 1988ರಲ್ಲಿ ತೀರಿಕೊಳ್ಳುವವರೆಗೂ ಸಂಸದರಾಗಿಯೇ ಇದ್ದರು ಎಂದರೆ ಆ ಕೋಟೆ ಎಷ್ಟು ಗಟ್ಟಿಯಿತ್ತು ಎಂದು ಅಂದಾಜಿಸಬಹುದು.

ಸೋಲಿನಿಂದ ಸೋಲಿನವರೆಗೆ ಹದಿನೆಂಟು ವರ್ಷ

ಸೋತ ಅಭ್ಯರ್ಥಿಗಳು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಒಂದೋ ಸುಮ್ಮನಾಗುತ್ತಾರೆ, ಇಲ್ಲವೇ ಮುಂದಿನ ಚುನಾವಣೆ ಹತ್ತಿರ ಬಂದಾಗ ಫ್ಲೆಕ್ಸ್ ಕಟ್ಟಿಸುತ್ತಾರೆ. ಫಿಲ್ಲಿಸ್ ಮೂರನೆಯ ಕೆಲಸ ಮಾಡಿದರು. ಊರೂರಿಗೆ ಹೋಗಿ ಪಕ್ಷದ ಮಹಿಳಾ ಘಟಕಗಳಲ್ಲಿ ಮಾತಾಡಿದರು. ಪ್ರತಿ ಊರಿನಲ್ಲೂ ಯಾರು ನಿಜವಾಗಿ ಕೆಲಸ ಮಾಡುತ್ತಾರೆ, ಯಾರು ಸಭೆಗೆ ಮಾತ್ರ ಬರುತ್ತಾರೆ ಎಂದು ನೋಡಿಕೊಂಡರು. 1960ರಿಂದ ನಾಲ್ಕು ವರ್ಷ ಇಲಿನಾಯ್ ರಾಜ್ಯದ ರಿಪಬ್ಲಿಕನ್ ಮಹಿಳಾ ಒಕ್ಕೂಟದ ಅಧ್ಯಕ್ಷೆಯಾಗಿದ್ದರು.

1964ರಲ್ಲಿ 'ಎ ಚಾಯ್ಸ್ ನಾಟ್ ಆ್ಯನ್ ಎಕೋ' ಎಂಬ ಪುಟ್ಟ ಪುಸ್ತಕ ಬರೆದು ತಾವೇ ಪ್ರಕಟಿಸಿದರು. ನ್ಯೂಯಾರ್ಕಿನ ಕೆಲವು ಶ್ರೀಮಂತರೇ ಕೂತು ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಗೊತ್ತುಮಾಡುತ್ತಾರೆ, ಸಾಮಾನ್ಯ ಕಾರ್ಯಕರ್ತರ ಮಾತಿಗೆ ಬೆಲೆಯಿಲ್ಲ ಎಂಬುದು ಅದರ ವಾದ. ಅಂಗಡಿಯ ಕಪಾಟಿನಿಂದಲ್ಲ, ಹೆಚ್ಚಾಗಿ ಕಾರ್ಯಕರ್ತರ ಕೈಯಿಂದ ಕೈಗೆ ಹೋಗಿ ಅದರ ಸುಮಾರು 30 ಲಕ್ಷ ಪ್ರತಿಗಳು ಖರ್ಚಾದವು. ಅವರು ಬೆಂಬಲಿಸಿದ ಬ್ಯಾರಿ ಗೋಲ್ಡ್‌ವಾಟರ್ ಅಭ್ಯರ್ಥಿಯೇನೋ ಆದರು, ಆದರೆ 50 ರಾಜ್ಯಗಳಲ್ಲಿ ಆರನ್ನು ಮಾತ್ರ ಗೆದ್ದು ಹೀನಾಯವಾಗಿ ಸೋತರು. (ಹೆಸರು ನೋಡಿ ನಮ್ಮವರು ಎಂದುಕೊಳ್ಳಬೇಡಿ, ಅವರಿಗೂ ನಮಗೂ ಸಂಬಂಧವಿಲ್ಲ!)

ಆ ಸೋಲಿನ ನಂತರ ಪಕ್ಷದ ದೊಡ್ಡವರು ಗೋಲ್ಡ್‌ವಾಟರ್ ಬೆಂಬಲಿಗರನ್ನೆಲ್ಲ ದೂರ ಇಡಲು ನೋಡಿದರು. 1967ರಲ್ಲಿ ರಾಷ್ಟ್ರೀಯ ಮಹಿಳಾ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ಫಿಲ್ಲಿಸ್ ಸ್ಪರ್ಧಿಸಿದಾಗ ಕ್ಯಾಲಿಫೋರ್ನಿಯಾದ ಗ್ಲಾಡಿಸ್ ಓ'ಡಾನೆಲ್ ಗೆದ್ದರು. ಚುನಾವಣೆ ಸರಿಯಾಗಿ ನಡೆಯಲಿಲ್ಲ ಎಂದು ಫಿಲ್ಲಿಸ್ ಕಡೆಯವರು ಆಪಾದಿಸಿದರು. ಜಗಳ ಮಾಡಿಕೊಂಡು ಹೊಸ ಸಂಘ ಕಟ್ಟಬಹುದಿತ್ತು. ಒಂದೇ ಊರಿನಲ್ಲಿ ಮುನಿಸಿನಿಂದ ಹುಟ್ಟಿದ ಸಂಘಗಳು ಎಷ್ಟಿವೆ ಎಂದು ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಹಾಗೆ ಮಾಡಲಿಲ್ಲ. ತಮಗೆ ಮತ ಹಾಕಿದ ಮಹಿಳೆಯರ ಹೆಸರು, ವಿಳಾಸ ಅವರ ಬಳಿ ಇತ್ತು. ಅದೇ ವರ್ಷದ ಆಗಸ್ಟಿನಿಂದ ಆ ವಿಳಾಸಗಳಿಗೆ ಪ್ರತಿ ತಿಂಗಳು 'ಫಿಲ್ಲಿಸ್ ಶ್ಲಾಫ್ಲಿ ರಿಪೋರ್ಟ್' ಎಂಬ ನಾಲ್ಕು ಪುಟದ ಪತ್ರಿಕೆ ಕಳಿಸತೊಡಗಿದರು. ವರ್ಷದ ಚಂದಾ 5 ಡಾಲರ್.

ಸೋಲು ಅವರ ಕೈಗೆ ಕೊಟ್ಟದ್ದು ಆ ಪಟ್ಟಿ. ಮುಂದಿನದ್ದೆಲ್ಲ ನಿಂತದ್ದು ಅದರ ಮೇಲೆ.

1970: ಮನೆ ಯಾವುದು, 'ಹೌಸ್' ಯಾವುದು

1970ರಲ್ಲಿ ಮತ್ತೊಮ್ಮೆ ಸಂಸತ್ತಿಗೆ ಸ್ಪರ್ಧೆ. ಈ ಸಲ ಇಲಿನಾಯ್‌ನ 23ನೇ ಕ್ಷೇತ್ರ. ಎದುರಾಳಿ 1959ರಿಂದ ಸಂಸದರಾಗಿದ್ದ ಡೆಮಾಕ್ರಟಿಕ್ ಪಕ್ಷದ ಜಾರ್ಜ್ ಶಿಪ್ಲಿ. ಸಂಸದರಾಗುವ ಮೊದಲು ಜಿಲ್ಲೆಯ ಶೆರಿಫ್ ಆಗಿದ್ದವರು, ಜನರ ನಡುವೆ ಬೆಳೆದವರು. ಫಿಲ್ಲಿಸ್ ಈ ಬಾರಿ 1952ರ ಹೊಸಬರಲ್ಲ. ದೇಶಕ್ಕೆಲ್ಲ ಗೊತ್ತಿದ್ದ ಲೇಖಕಿ, ಅಣ್ವಸ್ತ್ರ ಮತ್ತು ಸೋವಿಯತ್ ಕ್ಷಿಪಣಿಗಳ ಬಗ್ಗೆ ನಿವೃತ್ತ ನೌಕಾಸೇನಾಧಿಕಾರಿಯೊಬ್ಬರ ಜೊತೆ ಸೇರಿ ಪುಸ್ತಕ ಬರೆದವರು.

ಆದರೆ ಚರ್ಚೆ ಕ್ಷಿಪಣಿಗಳ ಮೇಲೆ ನಡೆಯಲಿಲ್ಲ. ಆರು ಮಕ್ಕಳ ತಾಯಿ ಮನೆಯಲ್ಲಿರಬೇಕು, ಇಲ್ಲಿ ಏನು ಕೆಲಸ ಎಂಬ ಮಾತು ಎದುರಾಳಿಯ ಕಡೆಯಿಂದ ಬಂತು. ಫಿಲ್ಲಿಸ್ ಕೊಟ್ಟ ಉತ್ತರ ಇಂದಿಗೂ ನೆನಪಿನಲ್ಲಿದೆ. ಅಮೆರಿಕದ ಸಂಸತ್ತಿನ ಕೆಳಮನೆಗೆ 'ಹೌಸ್' ಎಂದೇ ಹೆಸರು. ಹೆಂಗಸಿನ ಜಾಗ ಮನೆ ಎಂದು ನನ್ನ ಎದುರಾಳಿ ಹೇಳುತ್ತಾರೆ, ಹೌದು, ಆಕೆಯ ಜಾಗ ಆ 'ಹೌಸ್' ಎಂದು ನನ್ನ ಗಂಡ ಹೇಳುತ್ತಾರೆ ಎಂಬರ್ಥದ ಮಾತು ಅದು.

ಜನ ನಕ್ಕರು. ಮತ ಮಾತ್ರ ಸಾಲಲಿಲ್ಲ. ಸುಮಾರು ಶೇ. 46 ಮತ ಪಡೆದು ಸೋತರು. 1952ಕ್ಕೆ ಹೋಲಿಸಿದರೆ ಎಷ್ಟೋ ಮೇಲು, ಆದರೆ ಸೋಲು ಸೋಲೇ. ಮನೆಯಲ್ಲಿ ಇರಬೇಕಾದವಳು ಎಂಬ ಮಾತಿನಿಂದ ಪೆಟ್ಟು ತಿಂದ ಇದೇ ಮಹಿಳೆ, ಎರಡೇ ವರ್ಷದಲ್ಲಿ ಗೃಹಿಣಿಯರ ಸೇನಾನಿಯಾಗಿ ನಿಂತದ್ದು ಈ ಕತೆಯ ವಿಚಿತ್ರ ತಿರುವು.

ಹದಿಮೂರು ಸಾಕು ಎಂಬ ಲೆಕ್ಕ

1972ರ ಮಾರ್ಚ್ 22ರಂದು ಅಮೆರಿಕದ ಸೆನೆಟ್ 84–8 ಮತಗಳಿಂದ ಸಮಾನ ಹಕ್ಕುಗಳ ತಿದ್ದುಪಡಿಯನ್ನು ಅಂಗೀಕರಿಸಿತು. ಕೆಳಮನೆ ಅದಕ್ಕೂ ಮೊದಲೇ ಒಪ್ಪಿತ್ತು. ಲಿಂಗದ ಕಾರಣಕ್ಕೆ ಕಾನೂನಿನಲ್ಲಿ ಯಾರ ಹಕ್ಕಿಗೂ ಧಕ್ಕೆ ಬರಬಾರದು ಎಂಬುದು ಅದರ ಸಾರ. ಆಲಿಸ್ ಪಾಲ್ ಎಂಬ ಹೋರಾಟಗಾರ್ತಿಯ ಪ್ರಯತ್ನದಿಂದ 1923ರಲ್ಲೇ ಮೊದಲ ಬಾರಿ ಮಂಡನೆಯಾಗಿದ್ದ ಪ್ರಸ್ತಾವ ಅದು. ಅಧ್ಯಕ್ಷ ನಿಕ್ಸನ್ ಕೂಡ ಬೆಂಬಲಿಸಿದ್ದರು. ಎರಡೂ ಪಕ್ಷಗಳು ಒಪ್ಪಿದ್ದವು. ಇನ್ನೇನು, ಆಗಿಯೇ ಹೋಯಿತು ಎಂದು ಎಲ್ಲರೂ ಅಂದುಕೊಂಡರು.

ಇಲ್ಲಿ ಅಮೆರಿಕದ ಪದ್ಧತಿಯನ್ನು ಸ್ವಲ್ಪ ತಿಳಿಯಬೇಕು. ನಮ್ಮ ಸಂವಿಧಾನದ ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಶಾಸಕಾಂಗದ ಒಪ್ಪಿಗೆ ಬೇಕು. ಅಲ್ಲಿ ಎಲ್ಲ ತಿದ್ದುಪಡಿಗಳಿಗೂ ನಾಲ್ಕರಲ್ಲಿ ಮೂರು ಭಾಗ ರಾಜ್ಯಗಳು ಒಪ್ಪಬೇಕು. 50 ರಾಜ್ಯಗಳಲ್ಲಿ 38. ಅಂದರೆ 13 ರಾಜ್ಯಗಳು ಸುಮ್ಮನೆ ಕೂತರೂ ತಿದ್ದುಪಡಿ ಬಿದ್ದುಹೋಗುತ್ತದೆ. ಸಂಸತ್ತಿನಲ್ಲಿ ಗೆಲ್ಲಲಾಗದವರು ಎಲ್ಲಿ ಗೆಲ್ಲಬಹುದು ಎಂಬ ಲೆಕ್ಕ ಇದರಲ್ಲೇ ಇತ್ತು. ಒಂದು ಸಂಸತ್ ಕ್ಷೇತ್ರದಲ್ಲಿ ಲಕ್ಷ ಮತ ಬೇಕು. ರಾಜ್ಯದ ಶಾಸನಸಭೆಯಲ್ಲಿ ಅಲ್ಲಾಡುವ ನಾಲ್ಕೈದು ಶಾಸಕರನ್ನು ಹಿಡಿದು ನಿಲ್ಲಿಸಿದರೆ ಸಾಕು.

ಕುತೂಹಲದ ವಿಷಯವೆಂದರೆ ಫಿಲ್ಲಿಸ್‌ಗೆ ಮೊದಲಿಗೆ ಈ ತಿದ್ದುಪಡಿಯಲ್ಲಿ ಆಸಕ್ತಿಯೇ ಇರಲಿಲ್ಲ. 1971ರ ಕೊನೆಗೆ ಒಂದು ಚರ್ಚೆಗೆ ಕರೆದಾಗ ರಕ್ಷಣಾ ವಿಷಯ ಮಾತಾಡುತ್ತೇನೆ ಎಂದಿದ್ದರು. ಓದಿ ನೋಡಿದ ಮೇಲೆ ವಿರೋಧಿಯಾದರು. 1972ರ ಫೆಬ್ರವರಿಯ ಸಂಚಿಕೆಯಲ್ಲಿ ಬರೆದರು. ಸ್ವಲ್ಪ ದಿನದಲ್ಲೇ ಒಕ್ಲಹೋಮಾ ರಾಜ್ಯದ ಒಬ್ಬ ಓದುಗ ಮಹಿಳೆಯ ಫೋನ್ ಬಂತು. ಆ ನಾಲ್ಕು ಪುಟಗಳನ್ನು ಶಾಸಕರಿಗೆ ಹಂಚಿದೆವು, ನಮ್ಮಲ್ಲಿ ತಿದ್ದುಪಡಿ ಬಿದ್ದುಹೋಯಿತು ಎಂದರು. ಆಗ ಫಿಲ್ಲಿಸ್‌ಗೆ ತಮ್ಮ ಪಟ್ಟಿಯ ಶಕ್ತಿ ಗೊತ್ತಾಯಿತು. ಅದೇ ವರ್ಷ 'ಸ್ಟಾಪ್ ಇಆರ್‌ಎ' ಎಂಬ ಸಂಘಟನೆ ಹುಟ್ಟಿತು. 'ಸ್ಟಾಪ್' ಎಂಬುದಕ್ಕೆ ನಮ್ಮ ಸವಲತ್ತುಗಳನ್ನು ಕಿತ್ತುಕೊಳ್ಳಬೇಡಿ ಎಂಬ ವಿಸ್ತಾರ ಕೊಟ್ಟರು.

ಬ್ರೆಡ್ಡು, ಜಾಮು, ಓಟು

ಅವರ ವಾದ ಹೀಗಿತ್ತು. ಮನೆಯಲ್ಲಿದ್ದು ಮಕ್ಕಳನ್ನು ಸಾಕುವ ಹೆಂಗಸಿಗೆ ಗಂಡ ಖರ್ಚಿಗೆ ಕೊಡಬೇಕು ಎಂಬ ಕಾನೂನಿನ ರಕ್ಷಣೆ ಇದೆ. ವಿಧವೆಗೆ ಗಂಡನ ಲೆಕ್ಕದ ಪಿಂಚಣಿ ಇದೆ. ಯುದ್ಧಕ್ಕೆ ಬಲವಂತವಾಗಿ ಕಳಿಸುವುದು ಗಂಡುಮಕ್ಕಳನ್ನು ಮಾತ್ರ. ಎಲ್ಲವನ್ನೂ ಸಮ ಮಾಡಿದರೆ ಈ ರಕ್ಷಣೆ ಹೋಗುತ್ತದೆ, ಹೆಣ್ಣುಮಕ್ಕಳೂ ಸೇನೆಗೆ ಹೋಗಬೇಕಾಗುತ್ತದೆ. ವಿಯೆಟ್ನಾಂ ಯುದ್ಧ ಇನ್ನೂ ನಡೆಯುತ್ತಿದ್ದ ದಿನಗಳು ಅವು. ಹೆತ್ತವರಿಗೆ ಈ ಮಾತು ನೇರ ಎದೆಗೆ ತಾಗಿತು.

ವಿಧಾನವೂ ಹೊಸದಾಗಿತ್ತು. ಮತದಾನದ ದಿನ ಇಲಿನಾಯ್ ಶಾಸನಸಭೆಗೆ ಮಹಿಳೆಯರು ಮನೆಯಲ್ಲೇ ಸುಟ್ಟ ಬ್ರೆಡ್, ಮನೆಯಲ್ಲೇ ಮಾಡಿದ ಜಾಮ್ ಹಿಡಿದು ಬರುತ್ತಿದ್ದರು. ಅನ್ನ ಸಂಪಾದಿಸುವವರಿಗೆ ಅನ್ನ ಬೇಯಿಸುವವರಿಂದ ಎಂಬಂಥ ಚೀಟಿ ಅದರ ಮೇಲೆ. ನಮ್ಮ ಮನೆಯ ಪತ್ತಿರಿ ಕಟ್ಟಿಕೊಂಡು ವಿಧಾನಸೌಧಕ್ಕೆ ಹೋದ ಹಾಗೆ ಅಂತ ಇಟ್ಟುಕೊಳ್ಳಿ. 1952ರಲ್ಲಿ ಪತ್ರಿಕೆಯವರು ಅಂಟಿಸಿದ ಅಡುಗೆಮನೆಯ ಚಿತ್ರವನ್ನು ಅವರು ಈಗ ತಾವೇ ಆಯುಧ ಮಾಡಿಕೊಂಡಿದ್ದರು. ಭಾಷಣ ಶುರುಮಾಡುವಾಗ, ಇಲ್ಲಿಗೆ ಬರಲು ಬಿಟ್ಟದ್ದಕ್ಕೆ ಗಂಡನಿಗೆ ಥ್ಯಾಂಕ್ಸ್ ಎನ್ನುವುದು ಅವರ ವಾಡಿಕೆ. ಸ್ತ್ರೀವಾದಿಗಳಿಗೆ ಸಿಟ್ಟು ಬರಲಿ ಎಂದೇ ಹೇಳುತ್ತಿದ್ದರು.

ಬ್ರೆಡ್ ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ತರಬೇತಿ. ಸಮಿತಿಯ ಮುಂದೆ ಸಾಕ್ಷ್ಯ ಹೇಳುವುದು ಹೇಗೆ, ಟಿವಿಯಲ್ಲಿ ಸಿಟ್ಟು ಮಾಡದೆ ಉತ್ತರ ಕೊಡುವುದು ಹೇಗೆ, ಶಾಸಕರಿಗೆ ಪತ್ರ ಬರೆಯುವುದು ಹೇಗೆ, ಯಾವ ಶಾಸಕ ಯಾವ ಕಡೆ ಎಂದು ಲೆಕ್ಕ ಇಡುವುದು ಹೇಗೆ ಎಂದು ಅವರು ಮಹಿಳೆಯರಿಗೆ ಕಲಿಸಿದರು. ಅದುವರೆಗೆ ಮೈಕ್ ಮುಟ್ಟದಿದ್ದವರು ಶಾಸನಸಭೆಯಲ್ಲಿ ಮಾತಾಡಿದರು. ಇನ್ನೊಂದು ಸಂಗತಿಯೂ ಮುಖ್ಯ. ಕ್ಯಾಥೊಲಿಕರು, ಪ್ರೊಟೆಸ್ಟೆಂಟರು, ಮಾರ್ಮನ್ನರು, ಸಂಪ್ರದಾಯಸ್ಥ ಯಹೂದಿಗಳು, ಹೀಗೆ ಪರಸ್ಪರರ ಪ್ರಾರ್ಥನಾ ಮಂದಿರದ ಮೆಟ್ಟಿಲು ಹತ್ತದ ಜನ ಒಂದು ವಿಷಯದ ಮೇಲೆ ಒಟ್ಟಿಗೆ ಕೂತರು. ಉಳಿದ ಭಿನ್ನಾಭಿಪ್ರಾಯವನ್ನು ಬಾಗಿಲ ಹೊರಗೆ ಇಟ್ಟು ಬರಬೇಕು ಎಂಬುದು ಅಲ್ಲಿನ ನಿಯಮ. ಒಂದು ಜಮಾಅತ್‌ನೊಳಗೇ ಎರಡು ಬಣಗಳನ್ನು ಒಂದು ಕಾರ್ಯಕ್ರಮಕ್ಕೆ ಕೂರಿಸಲು ಹರಸಾಹಸ ಪಡುವ ನಮಗೆ ಇದು ಎಷ್ಟು ಕಷ್ಟದ ಕೆಲಸ ಎಂದು ಗೊತ್ತು.

ಮೊದಲ ಒಂದು ವರ್ಷದಲ್ಲಿ ಸುಮಾರು 30 ರಾಜ್ಯಗಳು ಒಪ್ಪಿಗೆ ಕೊಟ್ಟಿದ್ದವು. ಆಮೇಲೆ ವೇಗ ನಿಂತಿತು. 1977ರಲ್ಲಿ ಇಂಡಿಯಾನಾ 35ನೆಯದು. ಅಲ್ಲಿಗೆ ಗಾಡಿ ನಿಂತೇ ಹೋಯಿತು. ಐದು ರಾಜ್ಯಗಳು ಕೊಟ್ಟ ಒಪ್ಪಿಗೆ ವಾಪಸು ಪಡೆಯುವ ನಿರ್ಣಯ ಮಾಡಿದವು. ಗಡುವನ್ನು 1979ರಿಂದ 1982ಕ್ಕೆ ಮುಂದೂಡಿದರೂ ಪ್ರಯೋಜನವಾಗಲಿಲ್ಲ. ಇಲಿನಾಯ್‌ನಲ್ಲಿ ತಿದ್ದುಪಡಿಗೆ ಸಾದಾ ಬಹುಮತ ಸಿಕ್ಕಿದ್ದೂ ಉಂಟು. ಆದರೆ ಅಲ್ಲಿ ಬೇಕಿದ್ದದ್ದು ಐದರಲ್ಲಿ ಮೂರು ಭಾಗ. 1982ರಲ್ಲಿ ತಿದ್ದುಪಡಿಯ ಪರ ಏಳು ಮಂದಿ ಮಹಿಳೆಯರು ಆ ರಾಜ್ಯದ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿ 37 ದಿನ ಉಪವಾಸ ಕೂತರು. ಶಾಸನಸಭೆ ಕರಗಲಿಲ್ಲ. ಜೂನ್ 30ಕ್ಕೆ ಗಡುವು ಮುಗಿಯಿತು. ಮೂರು ರಾಜ್ಯಗಳ ಕೊರತೆ.

ಈ ಹೋರಾಟದ ನಡುವೆಯೇ, 1978ರಲ್ಲಿ, ಫಿಲ್ಲಿಸ್ ಕಾನೂನು ಪದವಿಯನ್ನೂ ಮುಗಿಸಿದರು. ವಯಸ್ಸು 50 ದಾಟಿತ್ತು.

ಇನ್ನೊಂದು ಪಕ್ಕ

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಪಕ್ಕವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ತಿದ್ದುಪಡಿ ಕೇಳಿದ ಮಹಿಳೆಯರು ಮನೆ ಒಡೆಯಲು ಹೊರಟವರಲ್ಲ. ಗಂಡನ ಸಹಿ ಇಲ್ಲದೆ ಬ್ಯಾಂಕಿನಲ್ಲಿ ಸಾಲ ಸಿಗದ ಕಾಲ ಅದು. ಆ ತಾರತಮ್ಯ ನಿಷೇಧಿಸುವ ಕಾನೂನು ಬಂದದ್ದು 1974ರಲ್ಲಿ. ಬಸುರಿಯಾದರೆ ಕೆಲಸದಿಂದ ತೆಗೆಯುವುದನ್ನು ತಡೆಯುವ ಕಾನೂನು ಬಂದದ್ದು 1978ರಲ್ಲಿ. ಗಂಡನಿಲ್ಲದ, ಇದ್ದೂ ಕೊಡದ ಎಷ್ಟೋ ಹೆಂಗಸರಿಗೆ ಫಿಲ್ಲಿಸ್ ಹೇಳುತ್ತಿದ್ದ ರಕ್ಷಣೆ ಕಾಗದದ ಮೇಲೆ ಮಾತ್ರ ಇತ್ತು. ಗಂಡ ಒಳ್ಳೆಯವನು, ವಕೀಲ, ಮನೆಯಲ್ಲಿ ಸಹಾಯಕ್ಕೆ ಜನ, ಹೀಗಿರುವವರಿಗೆ ಸವಲತ್ತು ಕಾಣುವುದು ಸುಲಭ. ಅವರ ತಾಯಿಯೇ ದುಡಿಯದಿದ್ದರೆ ಅವರ ಬಾಲ್ಯದ ಮನೆ ನಡೆಯುತ್ತಿರಲಿಲ್ಲ ಎಂಬುದೂ ನಿಜ.

ಇನ್ನೂ ಒಂದು ವಿರೋಧಾಭಾಸವಿದೆ. ಹೆಂಗಸಿಗೆ ಮನೆಯೇ ಮುಖ್ಯ ಎಂದು ಹೇಳಲು ಅವರು ದೇಶವಿಡೀ ತಿರುಗಿದರು, ಪುಸ್ತಕ ಬರೆದರು, ಸಂಘಟನೆ ನಡೆಸಿದರು, ಕಾನೂನು ಓದಿದರು. ಅವರ ವಿರೋಧಿಗಳು ಇದನ್ನು ಎತ್ತಿ ತೋರಿಸುತ್ತಲೇ ಇದ್ದರು. ಅವರ ಪಕ್ಷವೂ ಅವರನ್ನು ಪೂರ್ತಿ ಒಳಗೆ ಸೇರಿಸಿಕೊಳ್ಳಲಿಲ್ಲ. 1980ರಲ್ಲಿ ರೊನಾಲ್ಡ್ ರೇಗನ್ ಗೆಲ್ಲಲು ಅವರ ಮಹಿಳೆಯರು ದುಡಿದಿದ್ದರು. ಆದರೆ ಅವರು ಜೀವಮಾನವಿಡೀ ಅಧ್ಯಯನ ಮಾಡಿದ ರಕ್ಷಣಾ ಕ್ಷೇತ್ರದಲ್ಲಿ ದೊಡ್ಡ ಹುದ್ದೆಯೇನೂ ಅವರ ಮನೆಬಾಗಿಲಿಗೆ ಬರಲಿಲ್ಲ. ಅಡುಗೆಮನೆಯ ಚಿತ್ರ ಶಾಸಕರ ಮನ ಒಲಿಸಿತು, ಮಂತ್ರಿಮಂಡಲದ ಬಾಗಿಲು ತೆರೆಯಲಿಲ್ಲ.

ಕೊನೆಯ ದಿನಗಳಲ್ಲಿ ಅವರು ಡೊನಾಲ್ಡ್ ಟ್ರಂಪ್ ಬೆಂಬಲಕ್ಕೆ ನಿಂತರು. ಮುಸ್ಲಿಮರು ಅಮೆರಿಕದೊಳಗೆ ಬರುವುದನ್ನೇ ನಿಲ್ಲಿಸಬೇಕು ಎಂದು 2015ರ ಡಿಸೆಂಬರಿನಲ್ಲಿ ಘೋಷಿಸಿದ್ದ ಅಭ್ಯರ್ಥಿ ಟ್ರಂಪ್. 2016ರ ಸೆಪ್ಟೆಂಬರ್ 5ರಂದು 92ನೇ ವಯಸ್ಸಿನಲ್ಲಿ ಫಿಲ್ಲಿಸ್ ತೀರಿಕೊಂಡಾಗ ಅಂತ್ಯಕ್ರಿಯೆಯಲ್ಲಿ ಟ್ರಂಪ್ ಮಾತಾಡಿದರು. ಹಾಗಾಗಿ ಇವರನ್ನು ಆದರ್ಶ ಎಂದು ನಾವು ಹೇಳುತ್ತಿಲ್ಲ. ಅವರು ತಡೆದ ತಿದ್ದುಪಡಿಯ ಕತೆಯೂ ಅಲ್ಲಿಗೆ ಮುಗಿಯಲಿಲ್ಲ. ನೆವಾಡಾ 2017ರಲ್ಲಿ, ಅವರದೇ ಇಲಿನಾಯ್ 2018ರಲ್ಲಿ, ವರ್ಜೀನಿಯಾ 2020ರಲ್ಲಿ ಒಪ್ಪಿಗೆ ಕೊಟ್ಟು ಸಂಖ್ಯೆ 38 ಆಯಿತು. ಗಡುವು ಮುಗಿದ ಮೇಲೆ ಬಂದ ಒಪ್ಪಿಗೆಗೆ ಬೆಲೆ ಇದೆಯೇ ಎಂಬುದು ಅಲ್ಲಿ ದೊಡ್ಡ ವಿವಾದವಾಯಿತು.

ನಾವು ತೆಗೆದುಕೊಳ್ಳುವುದೇನು

ವಿಚಾರ ಬೇರೆ, ಕೆಲಸದ ರೀತಿ ಬೇರೆ. ಒಪ್ಪದವರಿಂದಲೂ ಕೆಲಸ ಕಲಿಯಬಹುದು.

ಕರ್ನಾಟಕದ ಪಂಚಾಯತ್‌ಗಳಲ್ಲಿ ಈಗ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ತಿದ್ದುಪಡಿ 2023ರಲ್ಲಿ ಆಯಿತು, ಜನಗಣತಿ ಮತ್ತು ಕ್ಷೇತ್ರ ಪುನರ್‌ವಿಂಗಡಣೆಯ ನಂತರ ಅನ್ವಯವಾಗಬೇಕು. ನಮ್ಮ ಹೆಣ್ಣುಮಕ್ಕಳು ಪಂಚಾಯತ್‌ಗೆ ಸ್ಪರ್ಧಿಸಿದ್ದಾರೆ, ಗೆದ್ದಿದ್ದಾರೆ. ಗೆದ್ದ ಮೇಲೆ ಸಭೆಗೆ ಗಂಡನೋ ಅಣ್ಣನೋ ಹೋಗಿ ಕೂರುವುದೂ ಇದೆ. ಸೋತವರನ್ನಂತೂ ಮರುದಿನವೇ ಮನೆಗೆ ಕಳಿಸಿಬಿಡುತ್ತೇವೆ. "ಸಾಕು, ಇನ್ನು ಮನೆ ನೋಡಿಕೋ" ಎನ್ನುತ್ತೇವೆ. ವಾರ್ಡಿನ ಪ್ರತಿ ಮನೆಯ ಕಷ್ಟ ಕೇಳಿ ಬಂದವಳ ತಲೆಯಲ್ಲಿ ಇರುವ ವಿವರ ಅಲ್ಲಿಗೆ ವ್ಯರ್ಥ. ಯಾರ ರೇಷನ್ ಕಾರ್ಡ್ ಆಗಿಲ್ಲ, ಯಾವ ವಿಧವೆಗೆ ಪಿಂಚಣಿ ನಿಂತಿದೆ, ಯಾವ ಹುಡುಗಿ ಎಸೆಸೆಲ್ಸಿ ಮುಗಿಸಿ ಸುಮ್ಮನೆ ಕೂತಿದ್ದಾಳೆ, ಇದೆಲ್ಲ ಪ್ರಚಾರಕ್ಕೆ ಹೋದ ಅಭ್ಯರ್ಥಿಗೆ ಗೊತ್ತಾಗಿರುತ್ತದೆ. ಗೆದ್ದವರಿಗಿಂತಲೂ ಹೆಚ್ಚು ಗೊತ್ತಿರಬಹುದು, ಏಕೆಂದರೆ ಹೊಸಬರು ಎಲ್ಲ ಮನೆಗೂ ಹೋಗುತ್ತಾರೆ.

ಫಿಲ್ಲಿಸ್ ಅದನ್ನು ಪುಸ್ತಕದಲ್ಲಿ ಬರೆದಿಟ್ಟರು, ತಿಂಗಳಿಗೊಂದು ಪತ್ರ ಹಾಕಿದರು, ಮಾತಾಡಲು ಬಾರದವರಿಗೆ ಮಾತಾಡಲು ಕಲಿಸಿದರು. ಇಷ್ಟಕ್ಕೆ ಸ್ಥಾನ ಬೇಕಾಗಿರಲಿಲ್ಲ. ನಮ್ಮಲ್ಲಿ ಇವತ್ತು ಪತ್ರದ ಬದಲು ವಾಟ್ಸಪ್ ಇದೆ. ಆದರೆ ಫಾರ್ವರ್ಡ್ ಮಾಡುವುದು ಬೇರೆ, ಗ್ರಾಮಸಭೆಯ ದಿನಾಂಕ ತಿಳಿದು ಹತ್ತು ಮಂದಿ ಹೆಂಗಸರನ್ನು ಕರೆದುಕೊಂಡು ಹೋಗಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆದು ಬರುವುದು ಬೇರೆ. ಮದ್ರಸದ ತಾಯಂದಿರ ಸಭೆ, ಶಾಲಾಭಿವೃದ್ಧಿ ಸಮಿತಿ, ಸ್ವಸಹಾಯ ಗುಂಪು, ಇವೆಲ್ಲ ಇಂಥ ತರಬೇತಿಗೆ ಈಗಾಗಲೇ ಇರುವ ಜಾಗಗಳು.

ಲೆಕ್ಕದ ಪಾಠವೂ ಒಂದಿದೆ. ಸಂಖ್ಯೆಯಲ್ಲಿ ಕಡಿಮೆ ಇರುವವರು ಎಲ್ಲ ಕಡೆ ಗೆಲ್ಲಲಾರರು. ತಮ್ಮ ಮಾತು ನಡೆಯುವ ಜಾಗ ಯಾವುದು ಎಂದು ಹುಡುಕಬೇಕು. ಅವರಿಗೆ 50ರಲ್ಲಿ 13 ಸಾಕಾಗಿತ್ತು. ನಮಗೆ ಒಂದು ವಾರ್ಡಿನಲ್ಲಿ, ಒಂದು ಸಮಿತಿಯಲ್ಲಿ, ನಿಯಮ ಓದಿಕೊಂಡು ಕೂತ ಇಬ್ಬರು ಮೂವರು ಸಾಕಾಗಬಹುದು. ಅದೂ ತಡೆಯುವ ಕೆಲಸಕ್ಕಲ್ಲ, ಆಗಬೇಕಾದ ಕೆಲಸ ಮಾಡಿಸಿಕೊಳ್ಳುವುದಕ್ಕೆ. ತಡೆಯುವುದು ಸುಲಭ, ಕಟ್ಟುವುದು ಕಷ್ಟ. ಫಿಲ್ಲಿಸ್ ಶ್ಲಾಫ್ಲಿ ಜೀವನದ ದೊಡ್ಡ ಗೆಲುವು ತಡೆದದ್ದೇ ಹೊರತು ಕಟ್ಟಿದ್ದಲ್ಲ ಎಂಬುದನ್ನೂ ನೆನಪಿಡಬೇಕು.

ಮುಂದಿನ ಪಂಚಾಯತ್ ಚುನಾವಣೆ ಬಂದಾಗ ನಮ್ಮ ಮೊಹಲ್ಲಾಗಳಲ್ಲಿ ಮತ್ತೆ ಕೆಲವು ಹೆಣ್ಣುಮಕ್ಕಳ ಹೆಸರು ಕೇಳಿಬರುತ್ತದೆ. ಕೆಲವರು ಗೆಲ್ಲುತ್ತಾರೆ, ಹೆಚ್ಚಿನವರು ಸೋಲುತ್ತಾರೆ. ಸೋತವರ ಮನೆಗೆ ಹೋಗಿ, ಪ್ರಚಾರದ ನೋಟ್‌ಬುಕ್ ಎಸೆಯಬೇಡ ಎಂದು ಹೇಳುವವರು ಮನೆಯವರೇ ಆಗಿರಲಿ. ಬಾಪ, ಗಂಡ, ಅಣ್ಣ, ಯಾರಾದರೂ ಸರಿ.